ಖರಾಡಿ ಕಾರ್ ಬಜಾರಿನ ಕೊಲೆ

೨೦೦೯ರ ಫೆಬ್ರವರಿ ೧೨, ಗುರುವಾರ. ಬೆಳಿಗ್ಗೆ ೭.೪೦ಕ್ಕೆ ಖರಾಡಿ ಪೊಲೀಸ್ ಚೌಕಿಗೆ ಓಡುತ್ತ ಬಂದವನು ಮಲಕಪ್ಪ, ಹಳೆ ಕಾರು ಮಾರುವ ಬಜಾರಿನ ಮಾಲೀಕ. ಅಂಗಿಯ ತುಂಬ ರಕ್ತ. ಮರಾಠಿ ಮಾತಾಡುವ ಆ ಚೌಕಿಯಲ್ಲಿ ಕನ್ನಡ ಬಲ್ಲವನು ಅಕ್ಕಲಕೋಟೆ ಕಡೆಯ ಹವಾಲ್ದಾರ್ ಅವ್ವಣ್ಣ ಒಬ್ಬನೇ. ದೂರು ಬರೆದುಕೊಳ್ಳಲು ಅವನೇ ಕುಳಿತ.

"ಅಮರನ್ನ ಹೊಡದು ಹಾಕ್ಯಾರ್ರಿ. ಫೈನಾನ್ಸ್ ಕಂಪನಿ ವಸೂಲಿಗೆ ಬರ್ತಿದ್ನಲ್ರಿ, ಅವ."

"ಯಾರು ಹೊಡದ್ರು?"

"ಹೊಳಬಸಪ್ಪ. ಟ್ಯಾಕ್ಸಿ ಡ್ರೈವರ್. ಕಂತು ತುಂಬಿಲ್ಲಂತ ಅಮರ ಅವನ ಗಾಡಿ ಎಳಕೊಂಡು ಬಂದಿದ್ದ."

"ನೀವು ನೋಡಿದ್ರಿ?"

"ಗೇಟಿನ್ಯಾಗ ನಿಂತು ಕಣ್ಣಾರೆ ನೋಡೇನ್ರಿ. ರಾಡ್ ಎರಡೂ ಕೈಲೆ ಹಿಡದು ಬಡದ. ನಾ ಓಡಿ ಹೋಗೋದ್ರಾಗ ಗ್ವಾಡಿ ಹಾರಿದ."

ಎಫ್‌ಐಆರ್ ದಾಖಲಾಯಿತು. ಎಂಟೂವರೆಗೆ ಇನ್‌ಸ್ಪೆಕ್ಟರ್ ಮೋಹಿತೆ ಸ್ಥಳ ಪಂಚನಾಮೆ ಮಾಡಿಸಿದರು. ಮೂವತ್ತು ಕಾರುಗಳು ತಿಂಗಳುಗಟ್ಟಲೆ ಧೂಳು ಹೊದ್ದು ನಿಂತಿದ್ದವು. ಒಂದರ ಬಾನೆಟ್ ಮೇಲೆ ಅಮರ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಬದಿ ಒಳಗೆ ಕುಸಿದಿತ್ತು. ಎರಡು ಹಲ್ಲು ವೈಪರಿನ ಅಡಿಯಲ್ಲಿ ಸಿಕ್ಕವು. ಚಕ್ರದ ಬಳಿ ಬಿದ್ದಿದ್ದ ಜಾಕ್ ರಾಡಿಗೆ ಕೂದಲು ಅಂಟಿತ್ತು.

"ಜೀವ ಹೋದ ಮೇಲೂ ಹೊಡೆದಿದ್ದಾನೆ," ಎಂದರು ಮೋಹಿತೆ, ಮರಾಠಿಯಲ್ಲಿ.

ಹನ್ನೊಂದಕ್ಕೆ ಅವ್ವಣ್ಣ ದೇಹೂ ರೋಡಿನ ಒಂದೇ ಕೋಣೆಯ ಮನೆಯ ಬಾಗಿಲು ತಟ್ಟಿದ. ಹೊಳಬಸಪ್ಪನ ಹೆಂಡತಿ ಕಲ್ಲವ್ವ ಪೊಲೀಸರನ್ನು ಕಂಡು ಹೌಹಾರಿದಳು.

"ಅವರು ದವಾಖಾನ್ಯಾಗ ಅದಾರ್ರಿ, ಸೋಮವಾರದಿಂದ."

ಆಸ್ಪತ್ರೆಯ ಮಂಚದ ಮೇಲೆ ಹೊಳಬಸಪ್ಪ ಮಲಗಿದ್ದ. ಬಲಗೈಗೆ ಮೊಣಕೈತನಕ ಪ್ಲಾಸ್ಟರ್, ಹೊರಗೆ ಕಾಣುವ ಬೆರಳುಗಳು ಬದನೆಕಾಯಿಯ ಹಾಗೆ ಕಪ್ಪಿಟ್ಟು ಊದಿದ್ದವು.

"ಏನಾತು?"

"ನಾ ಗಾಡಿ ಕೀಲಿ ಕೊಡಲಿಲ್ರಿ. ಅಮರ ನನ್ನ ಕೈ ಕಾರಿನ ಬಾಗಲದಾಗ ಇಟ್ಟು ಬಾಗಲಾ ಒದ್ದ. ಎರಡು ಸಲ."

ಬುಧವಾರ ಶಸ್ತ್ರಚಿಕಿತ್ಸೆ ಆಗಿದೆ, ರೋಗಿ ಹೊರಗೆ ಹೋಗಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು.

ಮಧ್ಯಾಹ್ನ ಮೂರಕ್ಕೆ ಮಲಕಪ್ಪನನ್ನು ಚೌಕಿಗೆ ಕರೆಸಲಾಯಿತು. ಅವ್ವಣ್ಣ ದನಿ ಏರಿಸಲಿಲ್ಲ.

"ಅಂಗೈ ತೋರಸ್ರಿ."

ಎರಡೂ ಅಂಗೈಯಲ್ಲಿ ಬೊಬ್ಬೆ ಒಡೆದಿದ್ದವು.

"ಹೊಳಬಸಪ್ಪನ ಬಲಗೈ ಸೋಮವಾರನ ಮುರದದ. ಎರಡೂ ಕೈಲೆ ಬಡದವರು ಯಾರ್ರಿ?"

"ನಾನ ಹೊಡದೇನ್ರಿ," ಎಂದ ಮಲಕಪ್ಪ.

"ಮತ್ತ ಹೊಳಬಸಪ್ಪನ ಹೆಸರು ಯಾಕ ಹೇಳಿದ್ರಿ?"

"ಬಡವ ಅದಾನ್ರಿ. ಎಲ್ಲಾರೂ ನಂಬತಾರ ಅನ್ಕೊಂಡೆ."

ಸಂಬಳದ ಚೀಟಿ ಇಲ್ಲದವರಿಗೂ ಮಲಕಪ್ಪ ವರ್ಷಗಟ್ಟಲೆ ಸಾಲ ಕೊಡಿಸಿದ್ದ. ಸುಳ್ಳು ಆದಾಯ ತುಂಬಿ ಅರ್ಜಿ ಬರೆಯುತ್ತಿದ್ದವನು ಆಗ ಅವನ ಗುಮಾಸ್ತನಾಗಿದ್ದ ಅಮರ. ಜಾಮೀನಿಗೆ ಸಹಿ ಮಲಕಪ್ಪನದು. ದೀಪಾವಳಿಯ ಹೊತ್ತಿಗೆ ಫೈನಾನ್ಸ್ ಕಂಪನಿ ಸಾಲ ಕೊಡುವುದು ನಿಲ್ಲಿಸಿತು, ಕೊಳ್ಳುವವರು ಮಾಯವಾದರು. ಅಮರ ಅದೇ ಕಂಪನಿಯ ವಸೂಲಿಗೆ ಸೇರಿದ. ಆ ಬೆಳಿಗ್ಗೆ ಬಂದದ್ದು, ಜಾಮೀನಿನ ಬಾಕಿಗೆ ಬಜಾರನ್ನೇ ಜಪ್ತಿ ಮಾಡಲು, ಅದರ ಕೀಲಿಗೆ.

"ಅಮರ ನನ್ನ ಕಪಾಳಕ್ಕ ಹೊಡದ್ನ್ರಿ. ನಾ ರಾಡ್ ತಗೊಂಡದ್ದು ಅದಕ್ಕಲ್ಲ."

"ಮತ್ಯಾತಕ?"

"ಶಿವಕಾಂತಾ, ನನ್ನ ಹೆಂಡ್ತಿ, ಅವನಿಗೆ ಚಾ ತಂದಿದ್ಲು. ಆರು ವರ್ಷ ಆಕಿ ಕೈಯಾಗ ಉಂಡಾವ. ಆಕಿ ಎದುರಿಗೇ ಹೊಡದ. ಆಕಿ ಅಳಲಿಲ್ಲ. 'ಚಾ ಆರತದ, ಕುಡಿಯಪ್ಪಾ' ಅಂದ್ಲು. ದನಿ ನಡಗತಿತ್ರಿ. ಇಪ್ಪತ್ತೆರಡು ವರ್ಷದಾಗ ಆಕಿ ಅಂಜಿದ್ದು ನಾ ನೋಡಿದ್ದಿಲ್ಲ. ಆಕಿ ಒಳಗ ಹೋದ ಮ್ಯಾಲ ರಾಡ್ ತಗೊಂಡೆ."

ಸಂಜೆ ೫.೧೫ಕ್ಕೆ ಬಂಧನದ ಕಾಗದಕ್ಕೆ ಮಲಕಪ್ಪ ಸಹಿ ಹಾಕಿದ. ಚಹಾ ಆರುತ್ತದೆ ಎಂಬ ಹೆಂಡತಿಯ ಆ ಮಾತನ್ನೂ ಅವ್ವಣ್ಣ ಹೇಳಿಕೆಯಲ್ಲಿ ಬರೆದಿದ್ದ. ಮರಾಠಿಯಲ್ಲಿ ಓದಿಸಿ ಕೇಳಿದ ಮೋಹಿತೆ ಅದನ್ನು ತೆಗೆಸಲಿಲ್ಲ.