ಒಂದೇ ಕಾವಿನ ಉಳಿ

ಬಹಳ ಹಿಂದೆ, ಬೆಟ್ಟಗಳೂ ಕಿವಿಗೊಟ್ಟು ಕೇಳುತ್ತಿದ್ದ ಕಾಲದಲ್ಲಿ, ಕೆಂಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಕಮ್ಮಾರರೆಂದರೆ ಏಳು ರಾಜ್ಯಗಳಿಗೂ ಗೌರವ. ಅದನ್ನು ನೋಡಿ ಹೊಟ್ಟೆಕಿಚ್ಚುಪಟ್ಟವನು ಮಾಂತ್ರಿಕ ಹೊಗೆಮಲ್ಲ. ಅವನು ಮಂತ್ರ ಊದಿ ಅರ್ಧ ಊರನ್ನು ಮರಗಳನ್ನಾಗಿ ಮಾಡಿ, ಸುತ್ತ ಮಾಯದ ಸರಪಳಿ ಬಿಗಿದ.

“ಮೂರು ಬುಟ್ಟಿ ಇದ್ದಿಲು ಕೊಡ್ತೀನಿ. ಬುಟ್ಟಿಗೊಂದು ಉಳಿ ಮಾಡಿ ಸರಪಳಿ ಕಡೀರಿ. ಮೂರೂ ಸೋತ್ರ ಈ ಮರ ಎಲ್ಲಾ ನನ್ನ ಒಲೀಗೆ!” ಎಂದು ನಕ್ಕ.

ಊರವರು ಬುಟ್ಟಿಗಳನ್ನು ಎಣಿಸಿ ನೋಡಿದರು. ಕೆಂಗಿರಿಯಲ್ಲಿ ಉಳಿಗೆ ಮೂರು ಕಾವು ಕೊಡುವ ಪದ್ಧತಿ. ಬಡಿಯಲು ಒಂದು, ಆರಿದ ಮೇಲೆ ನೀರಿಗದ್ದಿ ಗಟ್ಟಿ ಮಾಡಲು ಇನ್ನೊಂದು, ಏಟಿಗೆ ಸಿಡಿದು ಒಡೆಯುವ ಸಿಡುಕು ಇಳಿಸಲು ಮತ್ತೊಂದು. ಕಾವಿಗೊಂದು ಬುಟ್ಟಿ ಬೇಕು, ಅಂದರೆ ಒಂದೇ ಉಳಿಗೆ ಮೂರೂ ಬುಟ್ಟಿ.

ಹಿರಿಯ ಕಮ್ಮಾರ ತಿಪ್ಪಣಾಚಾರಿ ಮೊದಲ ಉಳಿ ಬಡಿದ. ಅಷ್ಟಕ್ಕೇ ಇದ್ದಿಲು ಮುಗಿಯಿತು. ಮೆತ್ತಗಿದ್ದ ಉಳಿ ಸರಪಳಿಯ ಮೇಲೆ ಬಾಗಿತು. ಅವನ ಮಗ ಎರಡನೆಯ ಬುಟ್ಟಿಯ ಇದ್ದಿಲನ್ನು ಕೈಬಿಗಿಹಿಡಿದು ಬಳಸಿ ಎರಡು ಕಾವು ಕೊಟ್ಟ. ಸಿಡುಕು ಇಳಿಯದ ಉಳಿ ಚೂರಾಯಿತು. ಹೊಗೆಮಲ್ಲ ಒಲೆ ಹೂಡತೊಡಗಿದ.

ಆಗ ತಿಪ್ಪಣಾಚಾರಿಯ ಅಣ್ಣನ ಮಗಳು ಮೋನಮ್ಮ ಸುತ್ತಿಗೆ ಎತ್ತಿಕೊಂಡಳು. ಮರಗಳಾದವರ ತೋಪಿನ ಅಂಚಿನಲ್ಲಿ ಹೊನ್ನೆಮರವಾಗಿ ನಿಂತಿದ್ದವಳು ಅವಳ ತಾಯಿ. ಅನ್ನ ಅರೆಬೆಂದಾಗಲೇ ಇಳಿಸಿ ಮುಚ್ಚಿಡುತ್ತಿದ್ದವಳು ಆ ತಾಯಿ. ಅನ್ನ ತನ್ನ ಬಿಸಿಗೆ ತಾನೇ ಬೇಯುತ್ತಿತ್ತು. ಮೋನಮ್ಮನಿಗೆ ಅದು ನೆನಪಾಯಿತು.

ಕಾಕಾ ತಿಪ್ಪಣಾಚಾರಿ ತಿದಿ ಒತ್ತಿದ, ಅವಳು ಉಳಿ ಬಡಿದಳು. ಕೆಂಪಗಿರುವಾಗಲೇ ನೀರಿನತ್ತ ತಂದಳು.

“ಏ ಹುಡುಗಿ, ಆರ್ಲಿ ಬಿಡ!” ಎಂದು ಕಾಕಾ ಕೂಗಿದ.

“ಆರಿಸಿ ಮತ್ತ ಯಾಕ ಕಾಸೂದು ಕಾಕಾ? ಕಾವು ಇದರ ಹೊಟ್ಟ್ಯಾಗ ಐತಲ್ಲ!”

ಮೊನೆಯನ್ನಷ್ಟೇ ನೀರಿಗದ್ದಿ ಎತ್ತಿ, ಉಜ್ಜಿ ಹೊಳಪು ತಂದಳು. ಹಿಂಭಾಗದ ಬಿಸಿ ಮೆಲ್ಲಗೆ ಮೊನೆಗೆ ಹರಿಯಿತು. ಸಿಡುಕು ಇಳಿದ ಗುರುತಾಗಿ ಮೊನೆಗೆ ಒಣಹುಲ್ಲಿನ ಹಳದಿ ಬಂದ ಕೂಡಲೇ ಇಡೀ ಉಳಿಯನ್ನು ಮುಳುಗಿಸಿದಳು. ಒಂದೇ ಕಾವಿನಲ್ಲಿ ಮೂರೂ ಕೆಲಸ ಮುಗಿದವು.

ಸರಪಳಿಯ ಮೇಲೆ ಉಳಿಯಿಟ್ಟು ಮೂರು ಏಟು ಹೊಡೆದಳು. ಮೊದಲನೆಯದಕ್ಕೆ ಗೀರು, ಎರಡನೆಯದಕ್ಕೆ ಬಿರುಕು, ಮೂರನೆಯದಕ್ಕೆ ಸರಪಳಿ ಎರಡು ತುಂಡು. ಹೊಗೆಮಲ್ಲ ಹೊಗೆಯಾಗಿ ಹಾರಿಹೋದ. ಮರಗಳೆಲ್ಲ ಮತ್ತೆ ಮನುಷ್ಯರಾದವು.

ತಿಪ್ಪಣಾಚಾರಿ ಹಿರಿತನದ ಸುತ್ತಿಗೆಯನ್ನು ಮೋನಮ್ಮನ ಕೈಗಿತ್ತ. “ನಮ್ಮ ಮನೀ ಮಗಳು!” ಎಂದು ಊರಿಗೆಲ್ಲ ಕೇಳುವಂತೆ ಸಾರಿದ.

ತಾಯಿ ಬಂದು ಮಗಳನ್ನು ಅಪ್ಪಿ, ಬುಟ್ಟಿಯೊಳಗೆ ಇಣುಕಿದಳು. ತಳದಲ್ಲಿ ಒಂದು ಹಿಡಿ ಇದ್ದಿಲು ಇತ್ತು.

“ಇನ್ನೂ ಉಳಿಸೀಯಲ್ಲವ್ವಾ! ಅನ್ನಕ್ಕ ಇಡ್ತೀನಿ ತಡಿ.”

ಅಂದಿನಿಂದ ಕೆಂಗಿರಿಯ ಉಳಿಗೆ ಒಂದೇ ಕಾವು. ಇದ್ದಿಲಿಗೆ ಕಡಿಯುವ ಮರ ಕಡಿಮೆಯಾಗಿ ಕಾಡೂ ಬೆಳೆಯಿತು, ಊರೂ ಬೆಳೆಯಿತು, ಎಲ್ಲರೂ ಬಿಸಿ ಅನ್ನ ಉಂಡು ಸುಖವಾಗಿದ್ದರು.