ಕೊಕ್ಕೆ ಇದ್ದ ಅಕ್ಷರ

ರೇಣುಕಾಗೆ ರಷ್ಯನ್ ಬರುತ್ತಿರಲಿಲ್ಲ. ಆದರೂ ರಷ್ಯನ್ ಲಿಪಿಯ ಒಂದು ಅಕ್ಷರವನ್ನು ಆಕೆ 1,387 ಕಡೆ ಕೆಡಿಸಿದ್ದಾಳೆಂಬ ದೂರು 2004ರ ನವೆಂಬರ್ 15ರಂದು ಬೆಳಿಗ್ಗೆ 10.20ಕ್ಕೆ ವಿಶಾಖಪಟ್ಟಣದ ಎಂವಿಪಿ ಕಾಲೋನಿ ಠಾಣೆಗೆ ಬಂತು.

ದೂರು ಕೊಟ್ಟವರು ಡೇಟಾ ಎಂಟ್ರಿ ಕಂಪನಿಯ ಮ್ಯಾನೇಜರ್ ದುರ್ಗಾಪ್ರಸಾದ್. ಸೈಬೀರಿಯಾದ ಸಣ್ಣ ಬುಡಕಟ್ಟೊಂದರ ಪದಗಳನ್ನು ಒಬ್ಬ ಮೇಷ್ಟ್ರು 4,112 ಕಾರ್ಡುಗಳಲ್ಲಿ ಬರೆದಿಟ್ಟು ತೀರಿಹೋಗಿದ್ದರು. ನಕಲು ಇರಲಿಲ್ಲ. ನಿಘಂಟು ಮಾಡಲೆಂದು ಕಾರ್ಡುಗಳು ಟೈಪಿಂಗ್‌ಗೆ ಇಲ್ಲಿಗೆ ಬಂದಿದ್ದವು.

ಇನ್ಸ್‌ಪೆಕ್ಟರ್ ಲಿಂಗರಾಜು ದೂರನ್ನು ಮೂರು ಸಲ ಓದಿದರು. ತಲೆಬುಡ ತಿಳಿಯಲಿಲ್ಲ.

"ಅಕ್ಷರ ಕಳುವಾಗಿದೆಯಾ, ಪ್ರಸಾದ್ ಗಾರು?"

"ಕಳುವಲ್ಲ ಸಾರ್. ಆ ಭಾಷೆಯಲ್ಲಿ ಎರಡು ಎಲ್, ಒಂದರ ಕಾಲಿಗೊಂದು ಕೊಕ್ಕೆ ಇರಬೇಕು. ಈಗ ಎಲ್ಲಾ ಕಡೆ ಬರೀ ಎಲ್. ಬದಲಾಗಿದ್ದು ಆಕೆಯ ಲಾಗಿನ್‌ನಿಂದ, ಒಂದೇ ನಿಮಿಷದಲ್ಲಿ. ಎಷ್ಟು ಕಡೆ ಅನ್ನೋದಷ್ಟೇ ದಾಖಲಾಗಿದೆ, ಹಳೇ ಫೈಲು ಉಳಿದಿಲ್ಲ."

"ಕೊಕ್ಕೆಗೆ ಎಫ್‌ಐಆರ್ ಹಾಕಲಾ?"

ಕಾನ್‌ಸ್ಟೆಬಲ್ ಸೀತಾಮಹಾಲಕ್ಷ್ಮಿ ಮುಖ ತಿರುಗಿಸಿ ನಕ್ಕಳು. ಆದರೂ ಎಫ್‌ಐಆರ್ ಆಯಿತು. ಐಟಿ ಕಾಯ್ದೆ, ಸೆಕ್ಷನ್ 66.

ಠಾಣೆಗೆ ಕರೆಸಿದ ಟೈಪಿಸ್ಟ್ ರೇಣುಕಾ ದಾವಣಗೆರೆಯವಳು, ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಲಿಂಗರಾಜು ಆದೋನಿಯವರು, ಮನೆಮಾತು ಕನ್ನಡವೇ.

"ನಾನ್ಯಾಕ್ ಕೆಡಿಸ್ಲಿ ಸಾರ್? ಆರು ತಿಂಗ್ಳು ಕಣ್ಣು ಕಿತ್ಕಂಡು ಹೊಡ್ದಿದೀನಿ. ಜೈಲಿಗೆ ಹೋದ್ರೆ ಕ್ವಾರ್ಟರ್ಸ್‌ನಾಗೆ ನಮ್ಮೆಜಮಾನ್ರು ತಲೆ ಎತ್ತಂಗಿಲ್ಲ."

"ಅದನ್ನ ಹೊಡೆಯೋದು ಹೇಗಮ್ಮಾ?"

"ಕಂಪ್ಯೂಟರ್‌ನಾಗೆ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇರುತ್ತೆ. ಬರೀ ಎಲ್‌ಗೆ 043ಬಿ. ಕೊಕ್ಕೆ ಎಲ್‌ಗೆ ಇನ್ನೂ ಯಾರೂ ನಂಬರ್ ಕೊಟ್ಟಿಲ್ಲ. ಖಾಲಿ ಬಿಟ್ಟಿರೋ ನಂಬರ್‌ಗಳಾಗೆ ಒಂದನ್ನ, ಇ001, ನಾವೇ ತಗಂಡ್ವಿ. ಅದಕ್ಕಂತ ಒಂದು ಫಾಂಟೂ ಮಾಡಿದ್ರು. ಆ ಫಾಂಟ್ ಇಲ್ದಿದ್ರೆ ಬರೀ ಚೌಕ ಕಾಣುತ್ತೆ."

"ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಎಲ್ಲಾರದ್ದೂ ಜಗನ್ಮೋಹನ್ ಸಾರ್ ಡೈರಿನಾಗೆ ಇದೆ. ನಮ್ಮ ವಿಜಯವಾಡ ಬ್ರಾಂಚಿನ ಸೂಪರ್‌ವೈಸರ್."

ಅರ್ಥವಾದದ್ದಕ್ಕಿಂತ ಆಗದ್ದೇ ಹೆಚ್ಚು. ಲಿಂಗರಾಜು ಕಂಪನಿಯ ಕೆಲಸದ ಕ್ರಮ ಬರೆಸಿಕೊಂಡರು. ಪ್ರತಿ ಕಾರ್ಡನ್ನೂ ಇಬ್ಬರು ಟೈಪ್ ಮಾಡುತ್ತಾರೆ, ಮೊದಲು ಒಬ್ಬರು ಇಲ್ಲಿ, ಆಮೇಲೆ ಕಾರ್ಡು ವಿಜಯವಾಡಕ್ಕೆ ಹೋಗಿ ಅಲ್ಲೊಬ್ಬರು. ಯಂತ್ರ ಎರಡನ್ನೂ ತಾಳೆ ನೋಡುತ್ತದೆ. ವ್ಯತ್ಯಾಸ ಬಂದರೆ ಸೂಪರ್‌ವೈಸರ್ ಕಾರ್ಡು ತೆಗೆದು ನೋಡಬೇಕು.

ವಿಜಯವಾಡದ ಫೈಲು ತರಿಸಿದರು. ಅದರಲ್ಲಿ ಇ001 ಒಮ್ಮೆಯೂ ಬಿದ್ದಿರಲಿಲ್ಲ. ಹಾಗಾದರೆ ತಾಳೆಯಲ್ಲಿ 1,387 ವ್ಯತ್ಯಾಸ ಬರಬೇಕಿತ್ತಲ್ಲ? ವರದಿಯಲ್ಲಿದ್ದದ್ದು ಸೊನ್ನೆ: ತಾಳೆಗೆ ಮೊದಲೇ ಯಾರೋ ರೇಣುಕಾಳ ಫೈಲಿನ ಕೊಕ್ಕೆ ತೆಗೆದಿದ್ದರು. ಕೆಳಗೆ ಜಗನ್ಮೋಹನ್ ಸಹಿ.

17ರಂದು ಮಧ್ಯಾಹ್ನ 1.15ಕ್ಕೆ ವಿಜಯವಾಡ. ಜಗನ್ಮೋಹನ್ ಕುರ್ಚಿಯ ಹಿಂದಿನ ಗೋಡೆಯಲ್ಲಿ ಮೂರು ವರ್ಷದ ಮೂರು ಸರ್ಟಿಫಿಕೇಟು: ತಪ್ಪಿಲ್ಲದ ಕೆಲಸಕ್ಕೆ.

"ಕೊಕ್ಕೆ ಯಾಕೆ ತೆಗೆದೆ?"

"ನಮ್ಮ ಮಷೀನಿನಲ್ಲಿ ಆ ಫಾಂಟ್ ಕೂರಲಿಲ್ಲ ಅಂಡಿ. ಹುಡುಗಿಯರು ಬರೀ ಎಲ್ ಹೊಡೆದರು. ಕೊಕ್ಕೆ ಪೆನ್ನಿನ ಗೀಚು ಅಂದುಕೊಂಡೆ."

"ಆಮೇಲೆ?"

"ಅದು ಬೇರೆ ಅಕ್ಷರ ಅಂತ ಗೊತ್ತಾಯಿತು. ಅಷ್ಟರಲ್ಲಿ ಕೆಲಸ ಮುಗಿದಿತ್ತು. ರೇಣುಕಾ ಫೈಲನ್ನೇ ನಮ್ಮದಕ್ಕೆ ಹೊಂದಿಸಿದೆ."

"ವೈಜಾಗ್‌ಗೆ ಒಂದು ಫೋನ್ ಮಾಡೋಕೆ ಏನಾಗಿತ್ತು?"

"ಅಲ್ಲಿರೋರಿಗೆಲ್ಲ ಕೆಲಸ ಕಲಿಸಿದ್ದು ನಾನು ಅಂಡಿ. ಅವರನ್ನ ಕೇಳಲಾ?"

"ಕಾರ್ಡು ಎಲ್ಲಿ?"

"ದೂರು ಕೊಟ್ಟರು ಅಂತ ಗೊತ್ತಾದ ದಿನ ಹಳೇ ಪೇಪರಿನವನಿಗೆ ಹಾಕಿದೆ."

3.30ಕ್ಕೆ ಗುಜರಿ ಅಂಗಡಿಯಲ್ಲಿ ಪಂಚನಾಮೆ. ಹಿಂದಿನ ದಿನವೇ ರದ್ದಿಯ ಲಾರಿ ಕಾಗದದ ಕಾರ್ಖಾನೆಗೆ ಹೋಗಿತ್ತು. 4.45ಕ್ಕೆ ಜಗನ್ಮೋಹನ್ ಬಂಧನ.

ಲಿಂಗರಾಜು ರೇಣುಕಾಗೆ ಫೋನ್ ಮಾಡಿ ಹೇಳಿದರು, "ನಿನ್ನ ಮೇಲೆ ಏನೂ ಇಲ್ಲಮ್ಮಾ."

ಆಕೆ ಅತ್ತಳು. ಆಮೇಲೆ ಕೇಳಿದಳು, "ಕಾರ್ಡು ಸಿಕ್ವಾ ಸಾರ್? ಈಗ ಎರಡು ಎಲ್‌ಗೂ ಒಂದೇ ನಂಬರ್ ಆಗಿದೆ. ಕಾರ್ಡು ನೋಡ್ದೆ ಯಾವ್ದು ಯಾವ್ದು ಅಂತ ಯಾರಿಗೂ ಹೇಳಕ್ಕಾಗಲ್ಲ. ಇದ್ರೆ ಕೊಡಿ, ಮತ್ತೆ ಹೊಡ್ಕೊಡ್ತೀನಿ."

ಲಿಂಗರಾಜು ಪಂಚನಾಮೆ ನೋಡಿಕೊಂಡು ಓದಿದರು. ಕಾರ್ಡು 4,112, ಸಿಕ್ಕಿದ್ದು 96. ಅದರಲ್ಲಿ ಕೊಕ್ಕೆಯ ಅಕ್ಷರ 31. ಹೋದದ್ದು 1,356.