ಸಹಿಯ ಹಿಂದಿನ ಹಾಳೆ

"ಈ ಸಹಿ ನಿಮ್ಮದೇನಾ, ಮೇಡಂ?"

ಮೇಡಂ!

ಮೂರು ವರ್ಷಗಳ ನಂತರ ಅವನ ಬಾಯಿಂದ ಬಂದ ಮೊದಲ ಮಾತು ಅದು. ಒಂದು ಕಾಲದಲ್ಲಿ ಇದೇ ಬಾಯಿ ಅವಳನ್ನು 'ಕಡ್ಡಿ' ಎಂದು ಕರೆಯುತ್ತಿತ್ತು. ಕಡ್ಡಿಯಂತಿದ್ದಳು, ಕಡ್ಡಿ ಮುರಿದ ಹಾಗೆ ಮಾತಾಡುತ್ತಿದ್ದಳು, ಅದಕ್ಕೆ.

ಅವಳು ಕಾಗದ ನೋಡಿದಳು. ಆರೋಗ್ಯ ಮಂತ್ರಿಗಳ ಕಚೇರಿಯ ಆದೇಶ. ದೊಡ್ಡಾಸ್ಪತ್ರೆಯ ಉಚಿತ ಡಯಾಲಿಸಿಸ್ ಘಟಕವನ್ನು ನಗರದ ಹೊರಗಿನ ಹೊಸ ಕಟ್ಟಡಕ್ಕೆ ಸ್ಥಳಾಂತರಿಸತಕ್ಕದ್ದು. ಕೆಳಗೆ, ವಿಶೇಷಾಧಿಕಾರಿ ಎಂಬ ಪದದ ಮೇಲೆ, ಅವಳ ಸಹಿ.

"ನನ್ನದೇ."

"ಸಂತೋಷ. ಅಷ್ಟು ಗೊತ್ತಾಗಬೇಕಿತ್ತು."

ಅವನ ಪಕ್ಕದಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಕೂತಿದ್ದರು. ಮುಖ ಊದಿತ್ತು, ಎಡಗೈ ತುಂಬ ಸೂಜಿಯ ಗಂಟುಗಳು. ಎಲ್ಲರಿಗೂ ಅವರು ಕಂಡಕ್ಟರ್ ಮಾವ.

"ತಾಯೀ, ಆ ಹನ್ನೆರಡು ಮಷಿನ್ ಕೋರ್ಟಲ್ಲಿ ಹೊಡೆದಾಡಿ ತಂದುಕೊಟ್ಟವರು ನೀವೇ ಅಲ್ವಾ? ಮರೆತುಬಿಟ್ರಾ?" ಎಂದರು. ಗದರಿಸುವ ದನಿಯಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ದನಿ.

ಅವಳಿಗೆ ಎದೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಅವರ ಅಂಗಿಯ ಎರಡನೇ ಗುಂಡಿಗೆ ಬೇರೆ ಬಣ್ಣದ ದಾರ ಹಾಕಿ ಹೊಲಿದಿದ್ದು ಮಾತ್ರ ಕಾಣಿಸಿತು.

"ಮರೆತಿಲ್ಲ," ಎಂದಳು. "ಮನವಿ ಕೊಟ್ಟು ಹೋಗಿ."

"ಮನವಿ ಬೇಡ ಮಾವ, ಏಳಿ. ಮೇಡಂ ಅವರನ್ನ ಕೋರ್ಟಲ್ಲೇ ನೋಡೋಣ," ಎಂದು ಅವನು ಎದ್ದ.

ಬಾಗಿಲು ಮುಚ್ಚಿತು. ಅವಳು ಮುಂದಿನ ಕಡತ ಎಳೆದುಕೊಂಡಳು. ಕೈ ನಡುಗಲಿಲ್ಲ. 'ನಡುಗಬೇಕಿತ್ತಲ್ಲ...' ಎಂದು ಒಂದು ಕ್ಷಣ ಅನಿಸಿತು. ಅದೂ ಬೇರೆ ಯಾರದೋ ವಿಷಯ ಎಂಬಂತೆ.

ಹೀಗೆ ಕಲ್ಲಾಗಿ ಹುಟ್ಟಿದವಳಲ್ಲ ಅವಳು. ವಕೀಲಿ ಮಾಡುತ್ತಿದ್ದಾಗ ಕೋರ್ಟಿನ ಹಿಂದಿನ ಬೀದಿಯಲ್ಲಿ ಇಬ್ಬರದೂ ಒಂದೇ ಕೋಣೆ, ಒಂದೇ ಮೇಜು, ಅತ್ತ ಅವನು ಇತ್ತ ಅವಳು. ಫೀಸು ಕೊಡಲಾಗದವರ ಕೇಸುಗಳೇ ಹೆಚ್ಚು. ಡಯಾಲಿಸಿಸ್ ಕೇಸು ಗೆದ್ದ ದಿನ ಕೋಣೆಯ ತುಂಬ ಜನ. ಆಮೇಲೆ ಎಷ್ಟೋ ಕೇಸು ಗೆದ್ದರು, ಸೋತರು. ಕೊನೆಗೊಂದು ಮಧ್ಯಾಹ್ನ ಅರ್ಜಿಯ ಪುಟ ತಿರುವುತ್ತಲೇ ಅವನು ಕೇಳಿದ್ದ: "ಮದುವೆ ಆಗೋಣ್ವಾ?"

"ಈ ಅರ್ಜಿ ಮುಗೀಲಿ ಮಾರಾಯ," ಎಂದಿದ್ದಳು, ನಗುತ್ತಾ.

ಅರ್ಜಿ ಮುಗಿಯುವ ಮೊದಲೇ, ವಿಶೇಷಾಧಿಕಾರಿಯಾಗಿ ಬನ್ನಿ ಎಂದು ಮಂತ್ರಿಗಳ ಕರೆ ಬಂತು. ಹೊರಗೆ ನಿಂತು ಒಂದು ಮಷಿನ್‌ಗೆ ನಾಲ್ಕು ವರ್ಷ ಹೋರಾಡುವ ಬದಲು ಒಳಗೆ ಹೋದರೆ ನಾಲ್ಕು ದಿನದಲ್ಲಿ ಆಗುತ್ತದೆ ಎಂದುಕೊಂಡಳು.

"ಹೋಗೋದಾದ್ರೆ ಹೋಗು. ಆ ಬಾಗಿಲಿಂದ ಹೋದವರು ಹೋದ ಹಾಗೇ ವಾಪಸ್ ಬಂದಿಲ್ಲ," ಎಂದಿದ್ದ ಅವನು.

ಹೋದಳು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತನ್ನೇ ನಂಬಿ ಅನ್ನ ತಿನ್ನುವ ಈ ಇಬ್ಬರೂ ಮೂರು ವರ್ಷ ಒಂದು ಮಾತನ್ನೂ ಆಡಲಿಲ್ಲ, ನೋಡಿ!

ಆ ಸಂಜೆ ಅಮ್ಮ ತಟ್ಟೆ ಇಡುತ್ತಾ ಅವಳ ಮುಖ ನೋಡಿದಳು.

"ಬಂದಿದ್ನಂತೆ?"

"ಹೂಂ."

"ಏನಂದ?"

"ಮೇಡಂ ಅಂದ."

ಅಮ್ಮನ ಸೌಟು ಅಲ್ಲೇ ನಿಂತಿತು. "ಅವನಿಗೂ ಬುದ್ಧಿ ಇಲ್ಲ, ನಿನಗೂ ಇಲ್ಲ. ಆ ಆದೇಶ ಬೇಡ ಅಂತ ನೀನೇ ಬರೆದಿದ್ದೆ ಅಂತ ಹೇಳೋಕೆ ಏನಾಗಿತ್ತೇ?"

"ಕಡತದಲ್ಲಿರೋದು ಹೊರಗೆ ಹೇಳೋ ಹಾಗಿಲ್ಲಮ್ಮ."

"ನನಗೆ ಹೇಳಿದ್ಯಲ್ಲ!"

"ನೀನು ಹೊರಗಿನವಳಾ?"

"ಅವನು ಹೊರಗಿನವನಾ?"

ಅವಳು ಅನ್ನ ಕಲಸಿ ಊಟ ಮಾಡಿದಳು. ಸಾರಿಗೆ ಉಪ್ಪು ಹಾಕುವುದನ್ನೇ ಅಮ್ಮ ಮರೆತಿದ್ದು ಅವಳಿಗೆ ಗೊತ್ತಾಗಲಿಲ್ಲ. ಅಮ್ಮನಿಗೆ ಗೊತ್ತಾಯಿತು.

ವಿಷಯ ಇಷ್ಟು. ಪ್ರತಿ ಕಡತದಲ್ಲೂ ಆದೇಶದ ಹಿಂದೆ ಟಿಪ್ಪಣಿ ಹಾಳೆಗಳಿರುತ್ತವೆ. ಯಾರು ಏನು ಸಲಹೆ ಕೊಟ್ಟರು, ಯಾರು ತೀರ್ಮಾನಿಸಿದರು ಎಂಬುದೆಲ್ಲ ಅಲ್ಲಿ. ಅವಳು ಒಂದೂವರೆ ಪುಟ ಬರೆದಿದ್ದಳು, ಸ್ಥಳಾಂತರ ಬೇಡವೇ ಬೇಡ ಎಂದು. ಕೆಳಗೆ ಮಂತ್ರಿಗಳು ಬರೆದದ್ದು ಎರಡೇ ಪದ: "ನೋಡಿದೆ. ಸ್ಥಳಾಂತರಿಸಿ." ಹಳೆಯ ಕಟ್ಟಡ ಹೊಸ ಸ್ಪೆಷಲ್ ವಾರ್ಡಿಗೆ ಬೇಕಿತ್ತು. ಆದೇಶ ಹೊರಡುವುದು ಮಾತ್ರ ವಿಶೇಷಾಧಿಕಾರಿಯ ಸಹಿಯಲ್ಲಿ. ಅವತ್ತು ಅವಳು ರಾಜೀನಾಮೆಯನ್ನೂ ಬರೆದಳು, ಸಹಿಯನ್ನೂ ಹಾಕಿದಳು. ರಾಜೀನಾಮೆ ಡ್ರಾಯರ್‌ನಲ್ಲಿ ಉಳಿಯಿತು. ಸಹಿ ಊರೆಲ್ಲ ಸುತ್ತಿತು. ಅವಳೊಳಗೆ ಮರಗಟ್ಟಿದ್ದು ಅವತ್ತಿನಿಂದ.

ಅವನು ಕೇಸು ಹಾಕಿದ. ಆದೇಶ ಜಾರಿಯಾಗಲು ಎಂಟು ದಿನ ಉಳಿದಿತ್ತು. ಮೂಲ ಕಡತದೊಂದಿಗೆ ಸಹಿ ಮಾಡಿದ ಅಧಿಕಾರಿಯೇ ಸೋಮವಾರ ಹಾಜರಾಗಬೇಕು ಎಂದು ನ್ಯಾಯಾಧೀಶರು ಹೇಳಿದರು.

ಮಂತ್ರಿಗಳು ಅವಳನ್ನು ಕರೆಸಿಕೊಂಡರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ.

"ಟಿಪ್ಪಣಿ ಸ್ವಲ್ಪ ಉದ್ದ ಆಯ್ತಮ್ಮ. ಆ ಎರಡು ಹಾಳೆ ಬದಲಾಯಿಸಿ, ಪುಟಸಂಖ್ಯೆ ಸರಿ ಮಾಡಿದ್ರೆ ಆಯ್ತು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಏನಂತೀಯ?"

"ನೋಡ್ತೀನಿ ಸರ್."

ನೋಡಿದಳು. ಭಾನುವಾರ ಮಧ್ಯಾಹ್ನ ಖಾಲಿ ಕಚೇರಿಯಲ್ಲಿ ಕೂತು ಕಡತದ ದಾರ ಬಿಚ್ಚಿದಳು. ಎರಡು ಹಾಳೆ ಹೊರಗೆ ತೆಗೆದಳು. ತೆಗೆಯುವುದು ಎಷ್ಟು ಸುಲಭ! ಭಯ ಇಲ್ಲ, ನಾಚಿಕೆ ಇಲ್ಲ, ಏನೂ ಇಲ್ಲ. ಆ 'ಏನೂ ಇಲ್ಲ' ಎನ್ನುವುದನ್ನೇ ದಿಟ್ಟಿಸುತ್ತಾ ತುಂಬ ಹೊತ್ತು ಕೂತಳು.

'ಇದನ್ನೂ ಮಾಡಿ ಏನೂ ಅನಿಸದೇ ಹೋದ್ರೆ... ಆಮೇಲೆ ನಾನು ಅಂತ ಯಾರು ಉಳೀತಾರೆ?'

ಹಾಳೆಗಳನ್ನು ಹಾಗೇ ಒಳಗಿಟ್ಟು ದಾರ ಕಟ್ಟಿದಳು.

ಸೋಮವಾರ ಕೋರ್ಟು ತುಂಬಿತ್ತು. ಅರ್ಜಿದಾರರ ವಕೀಲರು ಕಡತ ನೋಡಬಹುದು ಎಂದರು ನ್ಯಾಯಾಧೀಶರು. ಅವನು ನಿಂತೇ ಪುಟ ತಿರುವಿದ. ಆರು, ಏಳು, ಎಂಟು... ಒಂಬತ್ತರಲ್ಲಿ ಬೆರಳು ನಿಂತಿತು.

ಅವಳ ಅಕ್ಷರ. ಅವನಿಗೆ ಗೊತ್ತಿಲ್ಲದ ಅಕ್ಷರವೇ?

ಅವನು ತಲೆ ಎತ್ತಿದ. ಆ ಮುಖ ನೋಡಿದರೆ ಯಾರೋ ಕಪಾಳಕ್ಕೆ ಬಿಟ್ಟ ಹಾಗಿತ್ತು.

"ಹೇಳಿ ವಕೀಲರೇ. ಏನಾದರೂ ಸಿಕ್ಕಿತೇ?"

"ಹತ್ತು ನಿಮಿಷ ಕೊಡಿ, ಸ್ವಾಮಿ."

ಕಾರಿಡಾರಿನ ಕೊನೆಯ ಕಿಟಕಿಯ ಬಳಿ ಅವನು ಅವಳಿಗೆ ಅಡ್ಡ ನಿಂತ.

"ಇದನ್ನ ಓದಿದ್ರೆ ಸಂಜೆಯೊಳಗೆ ನಿನ್ನ ಕೆಲಸ ಹೋಗುತ್ತೆ ಕಡ್ಡಿ."

"ಗೊತ್ತು. ಓದು."

"ಬೇರೆ ದಾರಿ ಹುಡುಕ್ತೀನಿ. ವಾದ ಇದೆ ನನ್ನ ಹತ್ತಿರ, ಹಳೇ ತೀರ್ಪಿದೆ..."

"ಅದು ಸಾಕಾಗಲ್ಲ. ನಿನಗೂ ಗೊತ್ತು, ನನಗೂ ಗೊತ್ತು."

"ಇಷ್ಟು ದಿನ ನಿನ್ನನ್ನ ಏನೇನೋ ಅಂದ್ಕೊಂಡೆ. ಈಗ ನಾನೇ ನಿನ್ನ ಬೀದಿಗೆ ತರಲಾ?"

"ಆ ಬೆಂಚಿನ ಮೇಲೆ ಯಾರು ಕೂತಿದಾರೆ ನೋಡು."

ಕಂಡಕ್ಟರ್ ಮಾವ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು.

"ಬೆಳಗ್ಗೆ ಅವರ ಸರದಿ ಇತ್ತು. ಬಿಟ್ಟು ಬಂದಿದಾರೆ. ಅರ್ಧ ದಿನಕ್ಕೇ ಮುಖ ಹೇಗಾಗಿದೆ ನೋಡು. ನಲವತ್ತು ಕಿಲೋಮೀಟರು, ವಾರಕ್ಕೆ ಮೂರು ಸಲ, ಈ ಜೀವ ಹೋಗಿ ಬರುತ್ತಾ?" ಅವಳ ದನಿ ಏರಲಿಲ್ಲ. "ನನ್ನ ಉಳಿಸೋಕೆ ಹೋಗಿ ಅವರನ್ನ ಬಿಟ್ಟುಕೊಟ್ರೆ, ನಿನ್ನ ಮುಖ ನಾನು ನೋಡಲ್ಲ. ಇನ್ನೊಂದು ವಿಷಯ. ಆ ಟಿಪ್ಪಣಿ ಬರೆದವಳೇ ಆದೇಶಕ್ಕೂ ಸಹಿ ಹಾಕಿದಳು ಅನ್ನೋದನ್ನೂ ಓದು. ಬಿಡಬೇಡ."

ಅವನು ಓದಿದ. ಒಂದೂವರೆ ಪುಟ, ಒಂದಕ್ಷರ ಬಿಡದೆ. 'ನಾಲ್ಕು ತಿಂಗಳೊಳಗೆ ಸಾವುಗಳು ಸಂಭವಿಸಬಹುದು' ಎಂಬ ಸಾಲಿಗೆ ಬಂದಾಗ ನಿಲ್ಲಿಸಿ, ನೀರು ಕುಡಿದು ಮುಂದೆ ಓದಿದ. ಮಂತ್ರಿಗಳ ಎರಡು ಪದ ಓದಿದ. ಕೊನೆಗೆ, ಕಾಗದದಿಂದ ಕಣ್ಣೆತ್ತದೆ, ಅವಳ ಸಹಿಯನ್ನೂ ಓದಿದ.

ಸ್ಥಳಾಂತರಕ್ಕೆ ತಡೆ ಸಿಕ್ಕಿತು. ಬೆಂಚುಗಳಲ್ಲಿ ಯಾರೋ ಜೋರಾಗಿ ಅತ್ತರು. ಅವಳು ಕಡತಕ್ಕೆ ದಾರ ಕಟ್ಟಿದಳು.

ಮೂರೂವರೆಗೆ ಅವಳನ್ನು ಹುದ್ದೆಯಿಂದ ಬಿಡುಗಡೆ ಮಾಡಿದ ಪತ್ರ ಬಂತು. ನಾಲ್ಕಕ್ಕೆ ಗುರುತಿನ ಚೀಟಿ ಒಪ್ಪಿಸಿದಳು. ಎಲ್ಲಿಗೆ ಹೋಗಬೇಕೆಂದು ಯೋಚಿಸಲೇ ಇಲ್ಲ, ಕಾಲುಗಳು ದೊಡ್ಡಾಸ್ಪತ್ರೆಗೆ ಕರೆದೊಯ್ದವು. ಡಯಾಲಿಸಿಸ್ ಘಟಕದ ಗಾಜಿನಾಚೆ ಹನ್ನೆರಡು ಮಷಿನ್‌ಗಳೂ ತಿರುಗುತ್ತಿದ್ದವು. ಕಂಡಕ್ಟರ್ ಮಾವನಿಗೆ ಸಂಜೆಯ ಸರದಿ ಸಿಕ್ಕಿತ್ತು. ಅವಳನ್ನು ನೋಡಿ ಸೂಜಿಯಿಲ್ಲದ ಕೈ ಎತ್ತಿದರು.

ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಪಕ್ಕದ ಕುರ್ಚಿ ಕಿರುಗುಟ್ಟಿತು.

"ನಿಮ್ಮಮ್ಮನಿಗೆ ಫೋನ್ ಮಾಡಿದ್ದೆ," ಎಂದ ಅವನು. "ಚೆನ್ನಾಗಿ ಬೈದ್ರು."

"ಬೈಯಲಿ."

"ಒಂದು ಮಾತು ಹೇಳಬಹುದಿತ್ತಲ್ವಾ ನೀನು?"

"ಒಂದು ಮಾತು ಕೇಳಬಹುದಿತ್ತಲ್ವಾ ನೀನು?"

ಅವನು ತಲೆ ತಗ್ಗಿಸಿದ. "ಎದುರು ಕಡೆಯ ಸಾಕ್ಷಿಗೂ ನೂರು ಪ್ರಶ್ನೆ ಹಾಕ್ತೀನಿ. ನಿನಗೆ ಹಾಕಿದ್ದು ಒಂದೇ, ಈ ಸಹಿ ನಿಮ್ಮದೇನಾ ಅಂತ. ತಪ್ಪಾಯ್ತು ಕಣೇ... ದೊಡ್ಡ ತಪ್ಪಾಯ್ತು."

"ಸಹಿ ನನ್ನದೇ ಅಲ್ವಾ? ಹೆದರಿ ಹಾಕಿದೆ. ಅದು ನನ್ನ ತಪ್ಪು. ಅದನ್ನ ನೀನು ಕೋರ್ಟಲ್ಲಿ ಮುಚ್ಚಿಟ್ಟಿದ್ರೆ ನಾನು ಇಲ್ಲಿ ನಿನ್ನ ಪಕ್ಕ ಕೂರ್ತಿರಲಿಲ್ಲ."

ಇಬ್ಬರೂ ಗಾಜಿನಾಚೆ ನೋಡಿದರು. ಕೊಳವೆಗಳಲ್ಲಿ ರಕ್ತ ಹೋಗುತ್ತಿತ್ತು, ಬರುತ್ತಿತ್ತು.

"ಈಗ ಒಂದು ಕೇಳ್ಲಾ?" ಎಂದ.

ಅವಳಿಗೆ ಗೊತ್ತಿತ್ತು ಏನು ಕೇಳುತ್ತಾನೆಂದು. ಮೂರು ವರ್ಷದ ಹಿಂದಿನ ಆ ಮದುವೆಯ ಅರ್ಜಿ. ಉತ್ತರವನ್ನೂ ಜೋಡಿಸಿಟ್ಟುಕೊಂಡಳು. "ಕೇಳು."

"ಹೇಗಿದ್ದೀಯ?"

ಅವಳು ಬಾಯಿ ತೆರೆದಳು. ಜೋಡಿಸಿಟ್ಟ ಉತ್ತರ ಇದಕ್ಕೆ ಹೊಂದಲಿಲ್ಲ. ಈ ಪ್ರಶ್ನೆಯನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲವೆಂದಲ್ಲ. ಉತ್ತರಕ್ಕಾಗಿ ಹೀಗೆ ಕಾದು ಕೂತವರಿರಲಿಲ್ಲ.

"ಚೆನ್ನಾಗಿಲ್ಲ ಕಣೋ..." ಎಂದಳು. "ಏನೂ ಚೆನ್ನಾಗಿಲ್ಲ ನಾನು."

ಆಗ ಬಂತು ಅಳು. ಚಂದದ ಅಳುವಲ್ಲ, ಮೂಗು ಸೋರುವ, ಬಿಕ್ಕಳಿಸುವ, ಆಸ್ಪತ್ರೆಯವರೆಲ್ಲ ತಿರುಗಿ ನೋಡುವಂಥ ಅಳು. ಅವನು ಅಳಬೇಡ ಎನ್ನಲಿಲ್ಲ. ಅವಳ ಕೈ ಹಿಡಿದುಕೊಂಡ, ಅಷ್ಟೇ. ಅವನ ಕೈ ಬೆಚ್ಚಗಿದೆ ಎಂದು ಅವಳಿಗೆ ಗೊತ್ತಾಯಿತು.

"ಎಷ್ಟು ಹೊತ್ತು ಕೂರ್ತೀಯ ಹೀಗೆ?" ಎಂದಳು, ಬಿಕ್ಕುತ್ತಲೇ.

"ಮಾವನ ಮಷಿನ್ ನಿಲ್ಲೋಕೆ ಇನ್ನೂ ಮೂರು ಗಂಟೆ ಇದೆ."

"ಆಮೇಲೆ?"

"ಆಮೇಲೂ."